ಗ್ನೋಮ್ 48 ‘ಬೆಂಗಳೂರು’: ಸುಧಾರಣೆ ಬಂತು ಸರಿ, ಯಾರ ಕಂಪ್ಯೂಟರಿಗೆ ಬಂತು?

ಲಿನಕ್ಸ್ ಕಂಪ್ಯೂಟರಿನಲ್ಲಿ ಕಿಟಕಿ, ಮೆನು, ಸೆಟ್ಟಿಂಗ್ಸ್ ಎಲ್ಲವನ್ನೂ ತೋರಿಸುವ ಡೆಸ್ಕ್‌ಟಾಪ್‌ಗಳಲ್ಲಿ ಗ್ನೋಮ್ ಒಂದು. 2025ರ ಮಾರ್ಚ್ 19ರಂದು ಬಿಡುಗಡೆಯಾದ ಗ್ನೋಮ್ 48ರ ಹೆಸರು ‘ಬೆಂಗಳೂರು’. ಮಾರ್ಚ್ ಆವೃತ್ತಿಗೆ ಹಿಂದಿನ ಗ್ನೋಮ್ ಏಷ್ಯಾ ಸಮಾವೇಶ ನಡೆದ ಊರಿನ ಹೆಸರಿಡುವುದು, ಸೆಪ್ಟೆಂಬರ್ ಆವೃತ್ತಿಗೆ ಗ್ವಾಡೆಕ್ ಎಂಬ ಅದರ ವಾರ್ಷಿಕ ಸಮಾವೇಶದ ಊರಿನ ಹೆಸರಿಡುವುದು ಆ ಯೋಜನೆಯ ವಾಡಿಕೆ. 46 ಕಠ್ಮಂಡು ಆಗಿತ್ತು, 47 ಡೆನ್ವರ್. 2024ರ ಡಿಸೆಂಬರಿನಲ್ಲಿ ಏಷ್ಯಾ ಸಮಾವೇಶ ಬೆಂಗಳೂರಿನಲ್ಲಿ ನಡೆದದ್ದರಿಂದ 48ಕ್ಕೆ ನಮ್ಮೂರಿನ ಹೆಸರು ಬಂತು. ಇದಾದ ಮೇಲೆ 49 ಬಂದಿದೆ. ಆದರೂ 48ರ ಮಾತು ಹಳಸಿಲ್ಲ, ಏಕೆಂದರೆ 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13 ಎಂಬ ಡಿಸ್ಟ್ರೋದಲ್ಲಿರುವುದು ಇದೇ ಆವೃತ್ತಿ. (ಲಿನಕ್ಸನ್ನು ಬೇಕಾದ ತಂತ್ರಾಂಶಗಳ ಜೊತೆ ಕಟ್ಟಿ ಕೊಡುವುದೇ ಡಿಸ್ಟ್ರೋ; ಉಬುಂಟು, ಫೆಡೋರಾ ಕೂಡ ಇಂಥವೇ.) ಡೆಬಿಯನ್ ಒಮ್ಮೆ ಹಿಡಿದ ಡೆಸ್ಕ್‌ಟಾಪನ್ನು ಮುಂದಿನ ಬಿಡುಗಡೆಯವರೆಗೆ ಬದಲಿಸುವುದಿಲ್ಲ. ಕಾಲೇಜಿನ ಲ್ಯಾಬು, ಕಚೇರಿ, ಹಳೆಯ ಲ್ಯಾಪ್‌ಟಾಪು ಎಂದು ಡೆಬಿಯನ್ ನೆಚ್ಚಿಕೊಂಡವರೆಲ್ಲ ಇನ್ನೂ ಬಹುಕಾಲ ಇದರಲ್ಲೇ ಕೆಲಸ ಮಾಡಬೇಕು.

47 ಮತ್ತು 48ರ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಹುಡುಕಬೇಕಾಗುತ್ತದೆ. ಅಕ್ಷರದ ಆಕಾರ ಬದಲಾಗಿದೆ, ನೋಟಿಫಿಕೇಶನ್‌ಗಳು ಗುಂಪಾಗಿವೆ, ಸೆಟ್ಟಿಂಗ್ಸ್‌ನಲ್ಲಿ ಹೊಸ ಪುಟವೊಂದು ಬಂದಿದೆ. ಮುಖ್ಯವಾದ ಕೆಲಸ ಆಗಿರುವುದು ಸ್ಕ್ರೀನ್‌ಶಾಟಿನಲ್ಲಿ ಸಿಗದ ಕಡೆ. ಇನ್ನೊಂದು ವಿಷಯವನ್ನು ಬಿಡುಗಡೆಯ ಸುದ್ದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ: ಈ ಸುಧಾರಣೆಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಷರತ್ತಿದೆ. ಗ್ರಾಫಿಕ್ಸ್ ಚಿಪ್ ಯಾವುದು, ಲ್ಯಾಪ್‌ಟಾಪ್ ಯಾವ ಕಂಪನಿಯದು, ಡಿಸ್ಟ್ರೋ ಯಾವುದು ಎಂಬುದರ ಮೇಲೆ ಕೆಲವರಿಗೆ ಎಲ್ಲವೂ ದಕ್ಕುತ್ತದೆ, ಕೆಲವರಿಗೆ ಏನೂ ಬದಲಾದಂತೆ ಅನಿಸುವುದಿಲ್ಲ.

ಮೊದಲು ನಿಮ್ಮಲ್ಲಿ ಏನಿದೆ ನೋಡಿಕೊಳ್ಳಿ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಅಬೌಟ್, ಅಲ್ಲಿ ಸಿಸ್ಟಮ್ ಡೀಟೇಲ್ಸ್ ಒತ್ತಿದರೆ ಗ್ನೋಮ್ ಆವೃತ್ತಿ, ಗ್ರಾಫಿಕ್ಸ್ ಚಿಪ್ಪಿನ ಹೆಸರು, ವಿಂಡೋಯಿಂಗ್ ಸಿಸ್ಟಮ್ ವೇಲ್ಯಾಂಡೋ ಎಕ್ಸ್11ಓ ಎಂಬ ಮೂರೂ ಸಿಗುತ್ತವೆ. (ಆ್ಯಪ್‌ಗಳ ಕಿಟಕಿಗಳನ್ನು ಪರದೆಗೆ ತರುವ ವ್ಯವಸ್ಥೆ ಅದು; ಎಕ್ಸ್11 ಹಳೆಯದು, ವೇಲ್ಯಾಂಡ್ ಹೊಸದು.) ಮುಂದಿನ ಮಾತೆಲ್ಲ ಈ ಮೂರರ ಮೇಲೆ ನಿಂತಿದೆ.

ಮೂರನೆಯ ಬಫರ್

ಸೂಪರ್ ಕೀ (ವಿಂಡೋಸ್ ಗುರುತಿರುವ ಕೀ) ಒತ್ತಿದಾಗ ಎಲ್ಲ ಕಿಟಕಿಗಳೂ ಕುಗ್ಗಿ ಹರಡಿಕೊಳ್ಳುತ್ತವಲ್ಲ, ಆ ಚಲನೆ ತಡವರಿಸುತ್ತದೆ ಎಂಬುದು ಗ್ನೋಮ್ ಮೇಲೆ ಬಹುಕಾಲದ ದೂರು. ಅದರಲ್ಲೂ ಇಂಟೆಲ್‌ನ ಒಳಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿಗೆ 4ಕೆ ಮಾನಿಟರ್ ಜೋಡಿಸಿದಾಗ, ರಾಸ್ಪ್‌ಬೆರಿ ಪೈ ಮೇಲೆ, ಚಾರ್ಜರ್ ಕಿತ್ತ ಹೊತ್ತಿನಲ್ಲಿ ಇದು ಎದ್ದು ಕಾಣುತ್ತಿತ್ತು. ಚಿಪ್ಪಿಗೆ ಶಕ್ತಿ ಇಲ್ಲ ಎಂದಲ್ಲ. ಅದೇ ಯಂತ್ರದಲ್ಲಿ ವೀಡಿಯೊ, ಆಟ ಎಲ್ಲ ಸಲೀಸಾಗಿ ಓಡುತ್ತಿದ್ದವು.

ಕಾರಣ ಲೆಕ್ಕದಲ್ಲಿದೆ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ಕೇಳುತ್ತದೆ, ಅಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಗ್ನೋಮ್‌ನ ಚಿತ್ರಣದ ಹೊಣೆ ಹೊತ್ತಿರುವ ‘ಮಟರ್’ ಇದುವರೆಗೆ ಎರಡು ಬಫರ್, ಅಂದರೆ ಒಂದೊಂದು ಚಿತ್ರ ಹಿಡಿಸುವ ಮೆಮೊರಿಯ ಜಾಗ, ಇಟ್ಟುಕೊಂಡಿತ್ತು: ಒಂದು ಪರದೆಯ ಮೇಲೆ, ಇನ್ನೊಂದು ತಯಾರಿಯಲ್ಲಿ. ತಯಾರಿಗೆ 20 ಮಿಲಿಸೆಕೆಂಡ್ ಹಿಡಿಯಿತು ಎನ್ನಿ. ಗಡುವು ತಪ್ಪಿತು, ಮುಂದಿನ ಗಡುವು 33.3ರಲ್ಲಿ. ಅಲ್ಲಿಯವರೆಗೆ ಚಿಪ್ ಸುಮ್ಮನೆ ಕೂರುತ್ತದೆ. ಮೂರು ಚಿಲ್ಲರೆ ಮಿಲಿಸೆಕೆಂಡ್ ತಡವಾದದ್ದಕ್ಕೆ ವೇಗ 60ರಿಂದ ಸೀದಾ 30ಕ್ಕೆ ಬೀಳುತ್ತದೆ. ತಮಾಷೆ ಇರುವುದು ಇನ್ನು ಮುಂದೆ. ಇಂದಿನ ಚಿಪ್‌ಗಳು ಕೆಲಸದ ಹೊರೆ ನೋಡಿ ತಮ್ಮ ಗಡಿಯಾರದ ವೇಗ ಏರಿಸಿ ಇಳಿಸುತ್ತವೆ. ಅರ್ಧ ಹೊತ್ತು ಖಾಲಿ ಕೂತ ಚಿಪ್ ‘ನನಗೇನೂ ಕೆಲಸವಿಲ್ಲ’ ಎಂದು ನಿಧಾನದಲ್ಲೇ ಉಳಿಯುತ್ತದೆ. ನಿಧಾನವಾಗಿದ್ದಕ್ಕೆ ಗಡುವು ತಪ್ಪುತ್ತದೆ, ಗಡುವು ತಪ್ಪಿದ್ದಕ್ಕೆ ಖಾಲಿ ಕೂರುತ್ತದೆ, ಖಾಲಿ ಕೂತಿದ್ದಕ್ಕೆ ನಿಧಾನವಾಗುತ್ತದೆ.

ದರ್ಶಿನಿಯಲ್ಲಿ ಎರಡೇ ತಟ್ಟೆ ಇದ್ದರೆ ಹೀಗೇ ಆಗುವುದು: ಒಂದು ಗಿರಾಕಿಯ ಕೈಯಲ್ಲಿ, ಇನ್ನೊಂದರಲ್ಲಿ ದೋಸೆ ತಯಾರಾಗಿ ಕೂತಿದೆ, ಮೊದಲನೆಯದು ವಾಪಸು ಬರುವವರೆಗೆ ಭಟ್ಟರು ಕೈಕಟ್ಟಿ ನಿಲ್ಲಬೇಕು. ಮೂರನೆಯ ತಟ್ಟೆ ಸಿಕ್ಕರೆ ಕಾವಲಿ ಆರುವುದಿಲ್ಲ. 48ರಲ್ಲಿ ಬಂದದ್ದು ಆ ಮೂರನೆಯದು. ಮುಂದಿನ ಚಿತ್ರದ ಕೆಲಸ ಕೂಡಲೇ ಶುರುವಾಗುವುದರಿಂದ ಚಿಪ್ಪಿಗೆ ಬಿಡುವಿಲ್ಲ, ಬಿಡುವಿಲ್ಲದ್ದರಿಂದ ಅದು ವೇಗ ಏರಿಸಿಕೊಳ್ಳುತ್ತದೆ, 20 ಮಿಲಿಸೆಕೆಂಡಿನ ಕೆಲಸ 16ರೊಳಗೆ ಮುಗಿಯತೊಡಗುತ್ತದೆ. ಮುಗಿಯತೊಡಗಿದ ಮೇಲೆ ಮಟರ್ ತಾನಾಗಿ ಎರಡು ಬಫರಿಗೆ ಮರಳುತ್ತದೆ. ‘ಡೈನಾಮಿಕ್ ಟ್ರಿಪಲ್ ಬಫರಿಂಗ್’ ಎಂಬ ಇದರ ಹೆಸರಿನಲ್ಲಿ ‘ಡೈನಾಮಿಕ್’ ಎಂದಿರುವುದು ಅದಕ್ಕೇ. ಮೂರನೆಯ ಬಫರ್ ಸದಾ ಇದ್ದರೆ ಕೀ ಒತ್ತುವುದಕ್ಕೂ ಪರದೆ ಬದಲಾಗುವುದಕ್ಕೂ ನಡುವೆ ಒಂದು ಚಿತ್ರದಷ್ಟು ತಡ ಕಾಯಂ ಆಗಿ ಸೇರಿಕೊಳ್ಳುತ್ತಿತ್ತು. ಈಗ ಆ ಬೆಲೆ ತೆರಬೇಕಾದದ್ದು ತಡವರಿಸುವ ಗಳಿಗೆಯಲ್ಲಿ ಮಾತ್ರ.

ಈ ಕೆಲಸ ಮಾಡಿದ್ದು ಉಬುಂಟು ಹಿಂದಿರುವ ಕ್ಯಾನೋನಿಕಲ್ ಕಂಪನಿಯ ಎಂಜಿನಿಯರ್ ಡೇನಿಯಲ್ ವ್ಯಾನ್ ವುಗ್ಟ್. 2020ರಲ್ಲಿ ಸಲ್ಲಿಸಿದ ಬದಲಾವಣೆ ಮುಖ್ಯ ಕೋಡಿಗೆ ಸೇರಿದ್ದು 2025ರಲ್ಲಿ. ಈ ಮಧ್ಯೆ ಉಬುಂಟು 22.04ರಿಂದಲೇ ಅದನ್ನು ತನ್ನ ಮಟರ್‌ಗೆ ತೇಪೆಯಾಗಿ ಹಚ್ಚಿ ಕೊಡುತ್ತಿತ್ತು. ಹಾಗಾಗಿ ಉಬುಂಟು 24.04ರಿಂದ 25.04ಕ್ಕೆ ಬಂದವರು ‘ಇಷ್ಟು ಹೇಳಿದರಲ್ಲ, ನನಗೇನೂ ಗೊತ್ತಾಗಲಿಲ್ಲ’ ಎಂದರೆ ಅದು ಸರಿಯೇ. ಅವರ ಬಳಿ ಅದು ಮೊದಲೇ ಇತ್ತು. ಫೆಡೋರಾ 41ರಿಂದ 42ಕ್ಕೆ ಬಂದವರಿಗೆ ಮಾತ್ರ ಇದು ಹೊಸದು.

ಆವೃತ್ತಿ 48 ಇದ್ದೂ ತಡವರಿಕೆ ನಿಂತಿಲ್ಲವಾದರೆ ಎರಡು ಕಡೆ ನೋಡಿ. ಸಿಸ್ಟಮ್ ಡೀಟೇಲ್ಸ್‌ನಲ್ಲಿ ಗ್ರಾಫಿಕ್ಸ್ ಎದುರು ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಚಿತ್ರಗಳನ್ನು ಬರೆಯುತ್ತಿರುವುದು ಗ್ರಾಫಿಕ್ಸ್ ಚಿಪ್ ಅಲ್ಲ, ಪ್ರೊಸೆಸರ್. ಚಿಪ್ ನಡೆಸುವ ಡ್ರೈವರ್ ಅಥವಾ ಅದರೊಳಗೆ ಓಡುವ ಫರ್ಮ್‌ವೇರ್ ಇಲ್ಲ ಎಂದರ್ಥ. ವರ್ಚುವಲ್ ಮಷೀನಿನಲ್ಲಾದರೆ 3ಡಿ ಸೌಲಭ್ಯ ಚಾಲೂ ಮಾಡಿಲ್ಲ ಎಂದರ್ಥ. ಅಲ್ಲಿ ಎಷ್ಟು ಬಫರ್ ಕೊಟ್ಟರೂ ಅಷ್ಟೆ. ಎರಡನೆಯದು ಡೆಸ್ಕ್‌ಟಾಪಿಗೆ ಹೊಸ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಶನ್‌ಗಳು. ಅವು ಗ್ನೋಮ್‌ನ ಮೇಲುಪಟ್ಟಿ, ಮೆನುಗಳನ್ನು ನಡೆಸುವ ‘ಶೆಲ್’ನ ಮುಖ್ಯ ಎಳೆಯಲ್ಲೇ (ಥ್ರೆಡ್) ಓಡುವ ಜಾವಾಸ್ಕ್ರಿಪ್ಟ್. ನೆಟ್ ಸ್ಪೀಡು, ತಾಪಮಾನ, ಷೇರು ದರ ಎಂದು ಸೆಕೆಂಡಿಗೊಮ್ಮೆ ಏನನ್ನೋ ಓದುವ ಎಕ್ಸ್‌ಟೆನ್ಶನ್ ಆ ಎಳೆಯನ್ನು ತಡೆದು ನಿಲ್ಲಿಸಿದರೆ ಚಿತ್ರದ ಕೆಲಸ ಶುರುವೇ ಆಗುವುದಿಲ್ಲ. ಎಕ್ಸ್‌ಟೆನ್ಶನ್ಸ್ ಆ್ಯಪಿನ ಮುಖ್ಯ ಸ್ವಿಚ್ ಆರಿಸಿ ಒಮ್ಮೆ ಸೂಪರ್ ಕೀ ಒತ್ತಿ ನೋಡಿ, ಗುಟ್ಟು ಅಲ್ಲೇ ರಟ್ಟಾಗುತ್ತದೆ.

ಹೊಸ ಅಕ್ಷರ, ಕನ್ನಡಕ್ಕೆ ಹಳೆಯ ಪಾಡು

2011ರ ಗ್ನೋಮ್ 3ರಿಂದ ಇದ್ದ ಕ್ಯಾಂಟರೆಲ್ ಫಾಂಟ್ ಹೋಗಿ ‘ಅದ್ವೈತ ಸಾನ್ಸ್’ ಬಂದಿದೆ. ಕಮಾಂಡು ಬರೆಯುವ ಟರ್ಮಿನಲ್ ಮುಂತಾದ ಕಡೆ ‘ಅದ್ವೈತ ಮೋನೋ’. ಮೊದಲನೆಯದು ಪರದೆಗೆಂದೇ ರೂಪಿಸಿದ ಇಂಟರ್ ಫಾಂಟಿನಿಂದ ಹುಟ್ಟಿದ್ದು, ಎರಡನೆಯದು ಐಯೊಸೆವ್ಕಾದಿಂದ. ಇಂಗ್ಲಿಷ್ ಅಕ್ಷರ ಸಣ್ಣ ಗಾತ್ರದಲ್ಲೂ ನಿಚ್ಚಳವಾಗಿದೆ. ಒಟ್ಟು ನೋಟ ಫೋನಿನ ಆ್ಯಪ್‌ಗಳಿಗೆ ಹತ್ತಿರವಾಗಿದೆ. ಕ್ಯಾಂಟರೆಲ್‌ನ ದುಂಡನೆಯ ಮುಖ ಇಷ್ಟಪಟ್ಟಿದ್ದವರಿಗೆ ಇದು ಸಪ್ಪೆ ಎನಿಸಬಹುದು, ಆದರೆ ಹೊಸದೇ ಹೆಚ್ಚು ಓದಿಸಿಕೊಳ್ಳುತ್ತದೆ.

ಇದು ಎಲ್ಲರಿಗೂ ಕಾಣುವುದಿಲ್ಲ. ಉಬುಂಟು ತನ್ನದೇ ಫಾಂಟ್ ಬಳಸುತ್ತದೆ. ಹಿಂದೆ ಟ್ವೀಕ್ಸ್ ಆ್ಯಪಿನಲ್ಲಿ ನೀವೇ ಫಾಂಟ್ ಆರಿಸಿದ್ದರೆ ಆ ಆಯ್ಕೆ ಹಾಗೇ ಉಳಿಯುತ್ತದೆ, ಅಪ್‌ಗ್ರೇಡ್ ಅದನ್ನು ಮುಟ್ಟುವುದಿಲ್ಲ. ಹೊಸದು ಬೇಕಿದ್ದರೆ ಟ್ವೀಕ್ಸ್‌ನ ಫಾಂಟ್ಸ್ ಪುಟದಲ್ಲಿ ಇಂಟರ್‌ಫೇಸ್ ಟೆಕ್ಸ್ಟ್ ಎದುರು ಅದ್ವೈತ ಸಾನ್ಸ್, ಗಾತ್ರ 11 ಎಂದು ಆರಿಸಿ.

ಕನ್ನಡ ಓದುವವರ ಪ್ರಶ್ನೆ ಬೇರೆ. ಕ್ಯಾಂಟರೆಲ್‌ನಲ್ಲಿ ಕನ್ನಡ ಅಕ್ಷರಗಳಿರಲಿಲ್ಲ, ಅದ್ವೈತ ಸಾನ್ಸ್‌ನಲ್ಲೂ ಇಲ್ಲ. ಫೈಲಿನ ಹೆಸರು, ನೋಟಿಫಿಕೇಶನ್, ಕಿಟಕಿಯ ತಲೆಬರಹದಲ್ಲಿ ಕನ್ನಡ ಬಂದಾಗ ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆ ಯಂತ್ರದಲ್ಲಿರುವ ಬೇರೊಂದು ಕನ್ನಡ ಫಾಂಟನ್ನು ಎಳೆದು ತರುತ್ತದೆ. ಎಲ್ಲ ಎಡವಟ್ಟು ಆಗುವುದು ಈ ಎಳೆದು ತರುವಲ್ಲಿ. ಲೋಹಿತ್ ಕನ್ನಡ ಮಾತ್ರ ಇದ್ದರೆ ದಪ್ಪ ಅಕ್ಷರ ಬೇಕಾದ ಕಡೆ ಮಸುಕು ಹರಡಿದಂತೆ ಕಾಣುತ್ತದೆ. ಲೋಹಿತ್‌ನಲ್ಲಿ ಇರುವುದು ಸಾಧಾರಣ ತೂಕ ಒಂದೇ, ದಪ್ಪವನ್ನು ಸಿಸ್ಟಮ್ ಕೃತಕವಾಗಿ ಮಾಡುತ್ತದೆ, ಆಗ ಒತ್ತಕ್ಷರದ ಒಳಗಿನ ಸಣ್ಣ ಜಾಗಗಳು ಮುಚ್ಚಿಹೋಗುತ್ತವೆ. ನೋಟೋ ಸಾನ್ಸ್ ಕನ್ನಡದಲ್ಲಿ ಬೋಲ್ಡ್ ಪ್ರತ್ಯೇಕವಾಗಿ ರೂಪಿಸಿದ್ದು, ಜೊತೆಗೆ ಅದ್ವೈತ ಸಾನ್ಸ್‌ನ ಪಕ್ಕ ತೂಕ ಸರಿಹೊಂದುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್ ನೋಟೋ ಕೋರ್’ ಪ್ಯಾಕೇಜಿನಲ್ಲಿ ಇದು ಇದೆ. ಕೆಲವರು ಕನ್ನಡದ ಫಾಂಟ್‌ಗಳೆಲ್ಲ ಇರಲಿ ಎಂದು ಡೆಬಿಯನ್ನಿನ ಒಟ್ಟು ಕಟ್ಟನ್ನೇ ಹಾಕಿಕೊಳ್ಳುತ್ತಾರೆ. ಅದರಲ್ಲಿ ಗುಬ್ಬಿ ಎಂಬ ಫಾಂಟಿನ ಜೊತೆ ನವಿಲು ಎಂಬ ಕೈಬರಹದ ಫಾಂಟೂ ಬರುತ್ತದೆ. ಮೆನುವಿನಲ್ಲಿ ಕನ್ನಡ ಇದ್ದಕ್ಕಿದ್ದಂತೆ ಕೈಬರಹವಾಗಿ ಕಂಡರೆ ಎಳೆದು ತಂದ ಫಾಂಟ್ ಅದು; ಬೇಡದ್ದನ್ನು ತೆಗೆದು, ಲಾಗ್ ಔಟ್ ಆಗಿ ಒಳಬಂದರೆ ಸರಿಹೋಗುತ್ತದೆ.

ಟರ್ಮಿನಲ್‌ನ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಗ್ನೋಮ್‌ನ ಟರ್ಮಿನಲ್‌ಗಳ ಕೆಳಗಿರುವ ವಿಟಿಇ ಪ್ರತಿ ಅಕ್ಷರವನ್ನೂ ಸಮ ಅಗಲದ ಚೌಕದಲ್ಲಿ ಕೂರಿಸುತ್ತದೆ. ಕನ್ನಡದ ಒತ್ತು, ಗುಣಿತ ಅದಕ್ಕೆ ಒಗ್ಗುವುದಿಲ್ಲ, ಅಕ್ಷರ ಬಿಡಿಬಿಡಿಯಾಗಿ ಒಡೆಯುತ್ತದೆ. ಅದ್ವೈತ ಮೋನೋ ಬಂದದ್ದರಿಂದ ಇದು ಸುಧಾರಿಸಿಲ್ಲ, ಫಾಂಟ್ ಬದಲಿಸಿ ಸರಿಮಾಡುವ ದೋಷವೂ ಇದಲ್ಲ. ಕನ್ನಡ ಪಠ್ಯದ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡುವುದೇ ದಾರಿ. ಬರೆಯುವುದಕ್ಕೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಇನ್‌ಪುಟ್ ಸೋರ್ಸ್ ಸೇರಿಸಿ, ಕನ್ನಡದಡಿ ಇರುವ ಕಗಪ ವಿನ್ಯಾಸ ಆರಿಸಿಕೊಂಡರೆ ಸೂಪರ್ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಇದರಲ್ಲಿ 48 ಹೊಸತೇನೂ ತಂದಿಲ್ಲ.

ಕಿರಿಕಿರಿ ಕಳೆದ ಜಾಗಗಳು

ನೋಟಿಫಿಕೇಶನ್‌ಗಳು ಈಗ ಆ್ಯಪಿನ ಪ್ರಕಾರ ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಸೂಪರ್ ಮತ್ತು ವಿ ಒತ್ತಿದರೆ ತೆರೆಯುವ ಪಟ್ಟಿಯಲ್ಲಿ ಪ್ರತಿ ಆ್ಯಪಿಗೂ ಒಂದೇ ಕಟ್ಟು, ಮೇಲೆ ತೀರಾ ಈಚಿನದು, ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಚಾಟ್ ಆ್ಯಪೊಂದು ಹತ್ತು ಸಾಲು ಕಳಿಸಿ ಮುಖ್ಯವಾದ ಕ್ಯಾಲೆಂಡರ್ ಎಚ್ಚರಿಕೆಯನ್ನು ಕೆಳಗೆ ತಳ್ಳುವ ಕಾಟ ತಪ್ಪಿತು. ಒಂದು ತೊಡಕಿದೆ: ಗುಂಪು ಆಗುವುದು ಆ್ಯಪಿನ ಹೆಸರಿನಲ್ಲಿ. ಮೇಲ್, ಚಾಟ್, ಸುದ್ದಿ ಎಲ್ಲವನ್ನೂ ಬ್ರೌಸರಿನ ಟ್ಯಾಬುಗಳಲ್ಲೇ ಇಟ್ಟುಕೊಳ್ಳುವವರಿಗೆ ಎಲ್ಲವೂ ಬ್ರೌಸರಿನ ಹೆಸರಿನ ಒಂದೇ ಕಟ್ಟಿನಲ್ಲಿ ಸೇರಿ, ಕೆಳಗಿದ್ದದ್ದು ಕಣ್ಣಿಗೇ ಬೀಳದೆ ಹೋಗಬಹುದು. ಮುಖ್ಯವಾದ ಸೈಟಿಗೆ ಬೇರೆ ಆ್ಯಪ್ ಇದ್ದರೆ ಅದನ್ನು ಬಳಸುವುದು ಲೇಸು. ಉಳಿದ ಸೈಟುಗಳ ನೋಟಿಫಿಕೇಶನ್ ಅನುಮತಿಯನ್ನು ಬ್ರೌಸರಿನಲ್ಲೇ ಕಡಿದು ಹಾಕಿ.

ಹೊಸ ಕಿಟಕಿ ಪರದೆಯ ನಡುವೆ ತೆರೆಯುತ್ತದೆ. ದೊಡ್ಡ ಮಾನಿಟರ್ ಇರುವವರಿಗೆ ಕತ್ತು ತಿರುಗಿಸುವುದು ತಪ್ಪಿತು. ಚಿತ್ರ ನೋಡುವ ಆ್ಯಪಿನಲ್ಲೇ ಕತ್ತರಿಸುವ, ತಿರುಗಿಸುವ ಸೌಲಭ್ಯ ಬಂದಿದೆ. ಅರ್ಜಿಗೆ ಭಾವಚಿತ್ರ ಕತ್ತರಿಸಲು ಗಿಂಪ್‌ನಂಥ ದೊಡ್ಡ ತಂತ್ರಾಂಶ ತೆರೆಯಬೇಕಿಲ್ಲ. ‘ಡೆಸಿಬಲ್ಸ್’ ಎಂಬ ಹೊಸ ಆಡಿಯೊ ಪ್ಲೇಯರ್ ಒಂದೊಂದೇ ಫೈಲನ್ನು ಅಲೆಯ ರೂಪದಲ್ಲಿ ತೋರಿಸುತ್ತದೆ, ವೇಗ ಕಡಿಮೆ ಮಾಡಬಹುದು. ಹಾಡಿನ ಸಂಗ್ರಹ ಇಟ್ಟುಕೊಳ್ಳಲು ಇದು ಆಗದು. ಸಂದರ್ಶನ ಕೇಳಿ ಬರೆದುಕೊಳ್ಳುವವರಿಗೆ ಮಾತು ನಿಂತ ಜಾಗ ಅಲೆಯಲ್ಲೇ ಕಾಣುವುದರಿಂದ ಬಲು ಅನುಕೂಲ.

ಕಡಿಮೆ ಚರ್ಚೆಯಾದ, ಆದರೆ ದೊಡ್ಡ ಬದಲಾವಣೆ ದೃಷ್ಟಿ ಇಲ್ಲದವರದು. ಪರದೆ ಓದುವ ‘ಓರ್ಕಾ’ದ ಕೀ ಜೋಡಣೆಗಳು, ಕ್ಯಾಪ್ಸ್ ಲಾಕನ್ನು ಓರ್ಕಾ ಕೀ ಆಗಿ ಬಳಸುವುದೂ ಸೇರಿ, ವೇಲ್ಯಾಂಡ್‌ನಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ಆ ಒಂದು ಕಾರಣಕ್ಕೆ ಎಕ್ಸ್11ರಲ್ಲೇ ಉಳಿದವರಿದ್ದರು. 48 ಆ ಗಂಟು ಬಿಡಿಸಿದೆ. ಓರ್ಕಾ ಜೊತೆ ಬರುವ ಇಸ್ಪೀಕ್ ಎನ್‌ಜಿ ಎಂಬ ಮಾತಾಡುವ ತಂತ್ರಾಂಶದಲ್ಲಿ ಕನ್ನಡ ಧ್ವನಿಯೂ ಇದೆ; ಯಾಂತ್ರಿಕವಾದರೂ ಕನ್ನಡ ಪುಟ ಓದಿಸಿಕೊಳ್ಳಬಹುದು.

ಬ್ಯಾಟರಿ, ವೆಲ್‌ಬೀಯಿಂಗ್, ಎಚ್‌ಡಿಆರ್

ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ಬ್ಯಾಟರಿ ಚಾರ್ಜಿಂಗ್‌ಗೆ ಎರಡು ಆಯ್ಕೆ ಬಂದಿವೆ: ಪೂರ್ತಿ ತುಂಬಿಸುವುದು, ಇಲ್ಲವೇ ಬ್ಯಾಟರಿಯ ಆರೋಗ್ಯ ಕಾಯುವುದು. ಎರಡನೆಯದರಲ್ಲಿ ಚಾರ್ಜ್ ಶೇ. 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಲಿಥಿಯಂ ಬ್ಯಾಟರಿ ತುಂಬಿದ ಸ್ಥಿತಿಯಲ್ಲಿ ಬಿಸಿಯಾಗಿ ಕೂತಷ್ಟೂ ಬೇಗ ಸವೆಯುತ್ತದೆ, ಇಡೀ ದಿನ ಚಾರ್ಜರಿಗೆ ಅಂಟಿಕೊಂಡಿರುವ ಲ್ಯಾಪ್‌ಟಾಪಿನ ಪಾಡು ಅದೇ. ಇದುವರೆಗೆ ಈ ಮಿತಿ ಹಾಕಲು ಕಮಾಂಡು ಬರೆಯಬೇಕಿತ್ತು ಅಥವಾ ಟಿಎಲ್‌ಪಿ ಎಂಬ ವಿದ್ಯುತ್ ಉಳಿಸುವ ತಂತ್ರಾಂಶ ಹಾಕಿಕೊಳ್ಳಬೇಕಿತ್ತು. ಆಯ್ಕೆ ಕಾಣಬೇಕಾದರೆ ಲ್ಯಾಪ್‌ಟಾಪಿನ ಫರ್ಮ್‌ವೇರ್ ಮಿತಿಯನ್ನು ಒಪ್ಪಬೇಕು, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಡ್ರೈವರ್ ಅದನ್ನು ತೋರಿಸಬೇಕು. ಥಿಂಕ್‌ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ಇದೆ. ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಾಲೇ ಕಾಣುವುದಿಲ್ಲ, ಗ್ನೋಮ್ ಕೆಟ್ಟಿದೆ ಎಂದುಕೊಳ್ಳಬೇಡಿ. ಟಿಎಲ್‌ಪಿಯಲ್ಲಿ ಮೊದಲೇ ಮಿತಿ ಬರೆದಿದ್ದವರು ಒಂದನ್ನು ಮಾತ್ರ ಉಳಿಸಿಕೊಳ್ಳಿ. ಎರಡೂ ಒಂದೇ ಮಿತಿಯನ್ನು ಬರೆಯಹೊರಟರೆ ಕೊನೆಗೆ ಬರೆದದ್ದು ಗೆಲ್ಲುತ್ತದೆ, ಯಾವುದು ಕೊನೆಯದು ಎಂಬುದು ಪ್ರತಿ ಬೂಟ್‌ನಲ್ಲೂ ಬದಲಾಗಬಹುದು. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಊರಿನಲ್ಲಿದ್ದರೆ ಪೂರ್ತಿ ತುಂಬಿಸುವುದೇ ಜಾಣತನ. ಬ್ಯಾಟರಿಯ ಆಯಸ್ಸಿಗಿಂತ ಅವತ್ತಿನ ಕೆಲಸ ದೊಡ್ಡದು.

ವೆಲ್‌ಬೀಯಿಂಗ್ ಪುಟ ಪರದೆಯ ಮುಂದೆ ಕಳೆದ ಹೊತ್ತಿನ ಗ್ರಾಫ್ ತೋರಿಸುತ್ತದೆ, ದಿನಕ್ಕಿಷ್ಟು ಎಂದು ಮಿತಿ ಹಾಕಬಹುದು, ಮಿತಿ ಮೀರಿದಾಗ ಪರದೆಯನ್ನು ಕಪ್ಪುಬಿಳುಪು ಮಾಡಬಹುದು. ಲಾಕ್ ಮಾಡುವುದಿಲ್ಲ, ಹಾಗಾಗಿ ಮಕ್ಕಳ ಕೈ ಕಟ್ಟಲು ಇದು ಸಾಲದು. ಹೆಚ್ಚು ಉಪಯೋಗವಾಗುವುದು ಅದರ ಕೆಳಗಿರುವ ವಿರಾಮದ ನೆನಪೋಲೆ: ಕಣ್ಣಿಗೊಂದು, ಎದ್ದು ಓಡಾಡಲೊಂದು, ಎರಡನ್ನೂ ಬೇರೆ ಬೇರೆಯಾಗಿ ಚಾಲೂ ಮಾಡಬಹುದು.

ಹೆಚ್ಚು ಹೊಳಪು, ಹೆಚ್ಚು ಬಣ್ಣ ತೋರಿಸುವ ಎಚ್‌ಡಿಆರ್ ಬಗ್ಗೆ ಸದ್ದು ಹೆಚ್ಚಾಯಿತು, ಫಲ ಕಡಿಮೆ. ಮಾನಿಟರ್ ಮತ್ತು ಡ್ರೈವರ್ ಎರಡೂ ಒಪ್ಪಿದರೆ ಡಿಸ್‌ಪ್ಲೇಸ್ ಪುಟದಲ್ಲಿ ಸ್ವಿಚ್ ಕಾಣುತ್ತದೆ, ಅದೂ ವೇಲ್ಯಾಂಡ್‌ನಲ್ಲಿ ಮಾತ್ರ. ಆದರೆ 48 ಬಂದಾಗ ಎಚ್‌ಡಿಆರ್ ಚಿತ್ರ ಕಳಿಸಬಲ್ಲ ಆ್ಯಪ್‌ಗಳು ಎಂಪಿವಿ ಎಂಬ ವೀಡಿಯೊ ಪ್ಲೇಯರಿನಂಥ ಕೆಲವೇ ಇದ್ದವು. ಉಳಿದ ಡೆಸ್ಕ್‌ಟಾಪ್ ಎಲ್ಲ ಸಾಧಾರಣ ಬಣ್ಣದ್ದೇ. ಸ್ವಿಚ್ ಹಾಕಿದ ಮೇಲೆ ಅದು ಪೇಲವವಾಗಿ ಕಂಡರೆ ಅದೇ ಪುಟದ ಹೊಳಪಿನ ಸ್ಲೈಡರ್ ಸರಿಸಿ ನೋಡಿ. ಅಗ್ಗದ ಮಾನಿಟರ್‌ಗಳು ಎಚ್‌ಡಿಆರ್ ಎಂದು ಬರೆದುಕೊಂಡರೂ ಅದಕ್ಕೆ ಬೇಕಾದ ಹೊಳಪು ಅವುಗಳಲ್ಲಿ ಇರುವುದಿಲ್ಲ. ಅಂಥವರು ಆರಿಸಿಡುವುದೇ ವಾಸಿ.

ಡೆಬಿಯನ್ 12ರಿಂದ ಬರುವವರಿಗೆ

ಡೆಬಿಯನ್ 12ರಲ್ಲಿದ್ದದ್ದು ಗ್ನೋಮ್ 43. ಅಲ್ಲಿಂದ 13ಕ್ಕೆ ಬರುವವರು ಐದು ಆವೃತ್ತಿ ಒಟ್ಟಿಗೆ ದಾಟುತ್ತಾರೆ, ಅವರಿಗೆ ವ್ಯತ್ಯಾಸ ಹುಡುಕುವ ಕಷ್ಟವಿಲ್ಲ. ಫೈಲ್ ಆರಿಸುವ ಕಿಟಕಿಯಲ್ಲಿ ಕಿರುಚಿತ್ರಗಳ ಸಾಲು 44ರಿಂದ, ಎಡಮೂಲೆಯ ಆ್ಯಕ್ಟಿವಿಟೀಸ್ ಪದ ಹೋಗಿ ವರ್ಕ್‌ಸ್ಪೇಸ್ ತೋರಿಸುವ ಗುರುತು ಬಂದದ್ದು 45ರಿಂದ, ಎಲ್ಲ ಜಾಗದಲ್ಲೂ ಒಟ್ಟಿಗೆ ಫೈಲ್ ಹುಡುಕುವುದು 46ರಿಂದ, ಬಟನ್ ಮತ್ತು ಸ್ವಿಚ್‌ಗಳಿಗೆ ಒಂಬತ್ತು ಬಣ್ಣಗಳ ಆಯ್ಕೆ 47ರಿಂದ.

ಮುರಿಯುವುದು ಎಕ್ಸ್‌ಟೆನ್ಶನ್‌ಗಳು. 45ರಲ್ಲಿ ಶೆಲ್ ಜಾವಾಸ್ಕ್ರಿಪ್ಟಿನ ಹೊಸ ಮಾಡ್ಯೂಲ್ ಪದ್ಧತಿಗೆ ಬದಲಾಯಿತು, 44 ಮತ್ತು ಅದಕ್ಕೂ ಹಿಂದಿನವಕ್ಕೆ ಬರೆದ ಎಕ್ಸ್‌ಟೆನ್ಶನ್ ಒಂದೂ ಹಾಗೇ ಓಡುವುದಿಲ್ಲ. ಆವೃತ್ತಿಯ ಸಂಖ್ಯೆ ತಿದ್ದಿ ಬಲವಂತವಾಗಿ ಓಡಿಸುವ ಹಳೆಯ ಉಪಾಯವೂ ಇಲ್ಲಿ ನಡೆಯದು. ಆದ್ದರಿಂದ ಅಪ್‌ಗ್ರೇಡಿಗೆ ಮೊದಲು ಮುಖ್ಯ ಸ್ವಿಚ್ ಆರಿಸಿ, ವೆಬ್‌ನಿಂದ ನೀವೇ ಹಾಕಿಕೊಂಡವನ್ನು ತೆಗೆದುಹಾಕಿ, ಅಪ್‌ಗ್ರೇಡ್ ಆದ ಮೇಲೆ 48 ಎಂದು ನಮೂದಿಸಿದ ಹೊಸದನ್ನು ಒಂದೊಂದಾಗಿ ಹಾಕುತ್ತ ಬನ್ನಿ. ಡೆಬಿಯನ್ ಭಂಡಾರದಿಂದಲೇ ಹಾಕಿಕೊಂಡವು ಸಿಸ್ಟಮ್ ಜೊತೆಗೇ ಮೇಲೇರುತ್ತವೆ. ಶೆಲ್ ಏಳಲಾರದೆ ಬಿದ್ದರೆ ಗ್ನೋಮ್ ತಾನೇ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ಆರಿಸಿಬಿಡುತ್ತದೆ. ಮತ್ತೆ ಲಾಗಿನ್ ಆದಾಗ ಬರಿಯ ಡೆಸ್ಕ್‌ಟಾಪ್ ಕಂಡರೆ ಗಾಬರಿಯಾಗಬೇಕಿಲ್ಲ.

ಗ್ನೋಮ್ ಯೋಜನೆ ಒಂದು ಆವೃತ್ತಿಯನ್ನು ಸುಮಾರು ಒಂದು ವರ್ಷ ಮಾತ್ರ ನೋಡಿಕೊಳ್ಳುತ್ತದೆ. ಆಮೇಲೆ ಡೆಬಿಯನ್ 13ರ ಬಳಕೆದಾರರಿಗೆ ಸಿಗುವುದು ಭದ್ರತೆಯ ಮತ್ತು ತೀರಾ ಗಂಭೀರ ದೋಷಗಳ ತಿದ್ದುಪಡಿ. ಮೂರನೆಯ ಬಫರಿನದೋ ಎಚ್‌ಡಿಆರ್‌ನದೋ ಸಣ್ಣಪುಟ್ಟ ತೊಂದರೆ ಉಳಿದಿದ್ದರೆ ಅದು ಹಾಗೇ ಉಳಿಯುವ ಸಂಭವವೇ ಹೆಚ್ಚು. ಅದಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿರುವುದು ಎಕ್ಸ್11. ಗ್ನೋಮ್ 49ರಲ್ಲಿ ಆ ಸೆಶನ್ ತನ್ನಷ್ಟಕ್ಕೆ ಬರುವುದಿಲ್ಲ, ಉಬುಂಟು 25.10 ಮತ್ತು ಫೆಡೋರಾ 43ರ ಗ್ನೋಮ್‌ನಲ್ಲಿ ವೇಲ್ಯಾಂಡ್ ಒಂದೇ ಉಳಿದಿದೆ. ಕೀಲಿ ಒತ್ತಿದಂತೆ ನಟಿಸಿ ಫಾರಂ ತುಂಬುವ ಹಳೆಯ ಸ್ಕ್ರಿಪ್ಟ್, ವೇಲ್ಯಾಂಡ್ ಅರಿಯದ ರಿಮೋಟ್ ಸಪೋರ್ಟ್ ತಂತ್ರಾಂಶ ಇಂಥವನ್ನು ನೆಚ್ಚಿದ ಕಚೇರಿಗಳು 48ರಲ್ಲಿ ಲಾಗಿನ್ ಪರದೆಯ ಮೂಲೆಯ ಗೇರ್ ಗುರುತು ಒತ್ತಿ ‘ಗ್ನೋಮ್ ಆನ್ ಕ್ಸಾರ್ಗ್’ (ಅಂದರೆ ಎಕ್ಸ್11 ಸೆಶನ್) ಆರಿಸಿಕೊಳ್ಳಬಹುದು. ಡೆಬಿಯನ್ 14 ಬರುವುದರೊಳಗೆ ಆ ಸ್ಕ್ರಿಪ್ಟುಗಳಿಗೆ ಬದಲಿ ಹುಡುಕಿಕೊಳ್ಳಬೇಕಾಗುತ್ತದೆ.